ಇಪ್ಪತ್ತಾರನೆಯವನು

ಹೆಸರಘಟ್ಟದಾಚೆ ಕೆಮ್ಮಣ್ಣಿನ ಟ್ರ್ಯಾಕು, ಭಾನುವಾರ.
ನನ್ನ ಹಳೇ ಆರ್‌ಎಕ್ಸು ಹೊಗೆ ಕಾರುತ್ತ
ಮೂವತ್ತೊಂದರಲ್ಲಿ ಇಪ್ಪತ್ತಾರನೆಯದಾಗಿ ಬಂತು.
ಹಿಂದಿದ್ದ ಐವರಲ್ಲಿ ನಾಲ್ವರು ಬಿದ್ದವರು,
ಒಬ್ಬರಿಗೆ ಅರವತ್ತಾಗಿತ್ತು.

ಇಂಚರ ಸ್ಕೆಚ್ ಪೆನ್ನಲ್ಲಿ
ಹೆಲ್ಮೆಟ್ಟಿನ ಮೇಲೆ ಬರೆದಿದ್ದ ಹದಿನೇಳು
ಏಳರ ತಲೆ ಉಜ್ಜಿಹೋಗಿ
ಹನ್ನೊಂದಾಗಿದೆ.

ಮೊಣಕಾಲಿಗೆ ಅರಿಶಿನ ಒತ್ತುತ್ತ ಕೋಮಲಾ
ಕಪ್ ಎಲ್ಲಿ ಅನ್ನಲಿಲ್ಲ.
ಟೈರಿಗೆಷ್ಟಾಯ್ತು ಅಂದಳು.
ಅರ್ಧ ಬೆಲೆ ಹೇಳಿದೆ.
ಉಳಿದರ್ಧವನ್ನು
ಗಾಯದ ಮೇಲೇ ಒತ್ತಿದಳು.

ಸೋಮವಾರ, ಗೊರಗುಂಟೆಪಾಳ್ಯದ ಸಿಗ್ನಲ್ಲು.
ಸ್ಕೂಟರಿನ ಮುಂದೆ ನಿಂತ ಇಂಚರ
ಕೆಂಪು ಅಂಕಿಗಳನ್ನು ಜೋರಾಗಿ ಓದುತ್ತಾಳೆ:
ಒಂಬತ್ತು, ಎಂಟು, ಏಳು...
ನನ್ನ ಬಲಗೈ ತಾನಾಗಿ ತಿರುಚಿಕೊಳ್ಳುತ್ತದೆ.
ಪಕ್ಕದ ಬಿಎಂಟಿಸಿ ಡ್ರೈವರು
ಕಿಟಕಿಯಿಂದ ಬಗ್ಗಿ ನೋಡಿ
ತಾನೂ ಒಮ್ಮೆ
ಗುರ್ರೆನಿಸುತ್ತಾನೆ.