ಬಿ ವರ್ಗ, ಮೂವತ್ತು ವರ್ಷ

ಹೈಕೋರ್ಟಿನಿಂದ ಫೋನು ಬಂದ ಮೇಲೆ
ಬಹುಮಹಡಿ ಕಟ್ಟಡದ ನೆಲಮಾಳಿಗೆಗೆ ಇಳಿದೆ,
ಕೈಯಲ್ಲಿ ಕಡತದ ಸಂಖ್ಯೆ, ಮೂಗಿಗೆ ಸೆರಗು.
ಬೇಕಾದದ್ದು ಒಂದೇ: ಗುಬ್ಬಿಕಟ್ಟೆ ಕೆರೆಯನ್ನು
ಕೆರೆಯಲ್ಲ ಎಂದು ಘೋಷಿಸಿದ ಆದೇಶ,
ಎಪ್ಪತ್ತೆಂಟನೇ ಇಸವಿಯದು.

ಮೂವತ್ತು ವರ್ಷ ಇಟ್ಟು
ನಾಶಪಡಿಸತಕ್ಕದ್ದು ಎಂದು ಬೆನ್ನ ಮೇಲೆ ಮೊಹರು.
ಯಾರೋ ಮರೆತಿದ್ದಾರೆ.
ಮರೆವೂ ಒಮ್ಮೊಮ್ಮೆ ಒಳ್ಳೆಯ ಗುಮಾಸ್ತ.

ಟ್ಯಾಗು ಬಿಚ್ಚಿದೆ. ಹದಿನೇಳು ಸಹಿ,
ಒಂದೊಂದಕ್ಕೂ ಒಂದೊಂದು ಸೊಕ್ಕು.
ಮಂಡಿಸಿದೆ. ಪರಿಶೀಲಿಸಿ ಮಂಡಿಸಿ. ಮಾತನಾಡಿ.
ಮಾತನಾಡಿದ್ದೇನೆ. ಒಪ್ಪಿದೆ.
ಏನು ಮಾತಾಡಿದರೋ, ಕಾಗದಕ್ಕೆ ಹೇಳಿಲ್ಲ.

ಪುಟ ನಲವತ್ತೊಂದರ ಅಂಚಿನಲ್ಲಿ ಮಾತ್ರ
ಪೆನ್ಸಿಲಿನ ಸಣ್ಣ ಅಕ್ಷರ. ಕಿರಿಯ ಇಂಜಿನಿಯರ್ ವಾಜಿದ್ ಪಾಷಾ:
“ಮೇಲಿನ ಮೂರು ಕೆರೆಗಳ ಕೋಡಿ ಇಲ್ಲಿಗೇ ಬರುತ್ತದೆ.
ಇದನ್ನು ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು?”
ಪಕ್ಕದಲ್ಲಿ ಹಸಿರು ಶಾಯಿ: “ನೋಡಿದೆ.”

ಅಷ್ಟೇ. ನೋಡಿದೆ.

ಸಿಟ್ಟು ಬರಬೇಕಿತ್ತು. ಬಂತು ಕೂಡ,
ಅನುಬಂಧದ ಪುಟ ತಿರುವುವ ತನಕ.
ನಿವೇಶನ ಪಡೆದವರ ಪಟ್ಟಿ: ಮಿಲ್ಲಿನವರು, ಬೀಡಿಯವರು,
ಬೆಳಗಿನ ಜಾವ ಬೀದಿ ಗುಡಿಸುವವರು.
ಕ್ರಮಸಂಖ್ಯೆ ಇನ್ನೂರ ಹದಿಮೂರು:
ಮುನಿವೆಂಕಟಮ್ಮ ಕೋಂ ಲೇಟ್ ಪಿಳ್ಳಪ್ಪ.
ಎಡಗೈ ಹೆಬ್ಬೆಟ್ಟು.
ನನ್ನಜ್ಜಿ.

ಇಪ್ಪತ್ತಕ್ಕೆ ಮೂವತ್ತು. ಅದಕ್ಕೆ ಮೊದಲು
ರೈಲು ಹಳಿಯ ಪಕ್ಕ ಒಂದು ತಗಡಿನ ಕೆಳಗೆ ಹನ್ನೊಂದು ಜನ.
ಆ ಮನೆಯ ಗೋಡೆಗೆ ಒರಗಿ ನಾನು ಎಸ್ಸೆಸ್ಸೆಲ್ಸಿ ಓದಿದೆ,
ಆ ಹಕ್ಕುಪತ್ರ ಅಡವಿಟ್ಟು ಚಿಕ್ಕಪ್ಪ ಬದುಕಿದ,
ಆ ವಿಳಾಸಕ್ಕೇ ಈ ನೌಕರಿಯ ಆರ್ಡರು ಬಂತು.
ಆ ಗೋಡೆಯ ಮೇಲೇ ಅಮ್ಮ ಪ್ರತಿ ಮಳೆಗಾಲ
ಇದ್ದಿಲಿನ ಗೆರೆ ಎಳೆಯುತ್ತಾಳೆ,
ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ:
ಮೊಣಕಾಲು. ಸೊಂಟ. ಹೋದ ಸೆಪ್ಟೆಂಬರು, ಸ್ವಿಚ್‌ಬೋರ್ಡು.
ಗ್ಯಾಸ್ ಸಿಲಿಂಡರು ತೇಲುತ್ತಾ
ದೇವರ ಗೂಡಿನ ತನಕ ಹೋಗಿ ಬಂದಿತ್ತು.

ನೀರಿಗೆ ಓದಲು ಬಾರದು.
ಆದೇಶದ ಪ್ರತಿ ಅದಕ್ಕೆ ಯಾರೂ ಕಳಿಸಿಲ್ಲ.
ಹಳೆಯ ವಿಳಾಸಕ್ಕೇ ಬರುತ್ತದೆ,
ಬೀದಿಯ ಚಪ್ಪಲಿಗಳನ್ನೆಲ್ಲ ಮುಂದೆ ಬಿಟ್ಟುಕೊಂಡು.

ಹೇಗೆ ತೂಗಲಿ?
ಒಂದು ತಟ್ಟೆಗೆ ಅಜ್ಜಿಯ ಹೆಬ್ಬೆಟ್ಟು,
ಇನ್ನೊಂದಕ್ಕೆ ವಾಜಿದ್ ಪಾಷಾರ ಪೆನ್ಸಿಲು.
ಯಾವುದು ಕೆಳಗಿಳಿದರೂ ಮುಳುಗುವುದು ನಮ್ಮ ಮನೆಯೇ.
ಅದೂ ಅಲ್ಲದೆ ಈ ಕಟ್ಟಡಕ್ಕೆ ಬರುವ ತಕ್ಕಡಿ ಒಂದೇ,
ವರ್ಷಕ್ಕೊಮ್ಮೆ, ರದ್ದಿಯವನದು. ಕಿಲೋಗೆ ಹನ್ನೆರಡು.
ಕಡತವನ್ನು ಕೈಯಲ್ಲಿ ಎತ್ತಿ ನೋಡಿದೆ,
ಒಂದೂಕಾಲು ಕಿಲೋ ಇದ್ದೀತು.
ಹದಿನೈದು ರೂಪಾಯಿ, ಕೆರೆ, ಕೋಡಿ, ಅಜ್ಜಿ, ಎಲ್ಲ ಸೇರಿ.

ಬೇರೆ ಜಾಗ ಇರಲಿಲ್ಲವೇ ಎಂದು ಹಿಂದೆ ಹೋದೆ.
ಇತ್ತು. ಪುಟ ಹನ್ನೆರಡು. ದಿಣ್ಣೆಯ ಮೇಲೆ ನಲವತ್ತು ಎಕರೆ.
“ಕ್ಲಬ್ಬಿಗೆ ಕಾಯ್ದಿರಿಸಿದೆ.”
ಆ ತಕ್ಕಡಿಯನ್ನು ನಮ್ಮ ಕೈಗೆ ಕೊಡುವ ಮೊದಲೇ
ಒಂದು ತಟ್ಟೆಯನ್ನು ಯಾರೋ ಮನೆಗೆ ಒಯ್ದಿದ್ದರು.

ಮೇಲೆ, ನನ್ನ ಮೇಜಿನ ಕಂಪ್ಯೂಟರಿನಲ್ಲಿ ಹೊಸದೊಂದು ಕಡತ.
ಇನ್ನೊಂದು ತಗ್ಗು, ಇನ್ನೊಂದು ಯೋಜನೆ, ತುರ್ತು.
ಕಾಲಂ ಒಂಬತ್ತು: ದೀರ್ಘಕಾಲೀನ ಪರಿಣಾಮ.
“ಅನ್ವಯಿಸುವುದಿಲ್ಲ.”
ಬರೆಯೋಣವೆಂದರೆ ಪರದೆಗೆ ಅಂಚೇ ಇಲ್ಲ,
ಪೆನ್ಸಿಲು ಎಲ್ಲಿ ಊರಲಿ?

ಸಂಜೆ ಸ್ಕ್ಯಾನಿಂಗ್ ಕೋಣೆಯಲ್ಲಿ ಜೋಸೆಫಿನ್
ಪುಟ ನಲವತ್ತೊಂದನ್ನು ಮೂರು ಸಲ ಮಲಗಿಸಿದಳು.
“ಪೆನ್ಸಿಲ್ ಬರ್ತಿಲ್ಲ ಮೇಡಂ, ಹಸಿರು ಮಾತ್ರ ಬರ್ತಿದೆ.”
ಪರದೆಯ ಮೇಲೆ ಬಿಳಿಯ ಹಾಳೆ, ಅದರ ಅಂಚಿಗೆ
ಯಾವುದಕ್ಕೂ ಉತ್ತರವಲ್ಲದ ಒಂದು ನೋಡಿದೆ.

ಡಾರ್ಕ್ ಮಾಡು, ಅಂದೆ.
ಇನ್ನೂ.
ಪುಟವೆಲ್ಲ ಕಪ್ಪಾದರೂ ಆಗಲಿ, ಇನ್ನೂ.