ಕೊಬ್ಬು

ಕ್ಲಾಕ್ಸ್‌ವೀಕ್ ಬಂದರಿನ ಆಸ್ಪತ್ರೆಯಲ್ಲಿ
ಏಳೂವರೆಗೆ ನನ್ನ ಬೆಳಗು.
ಕಿಟಕಿಯಾಚೆ ಮಂಜು. ಹಡಗುಗಳಿಗೆ
ದನಿ ಮಾತ್ರ ಇದೆ, ಮೈಯಿಲ್ಲ.
ಒಬ್ಬೊಬ್ಬರಾಗಿ ಬಂದು ತೋಳು ಚಾಚುತ್ತಾರೆ,
ನಾನು ನರ ಹುಡುಕುತ್ತೇನೆ.
ಇಪ್ಪತ್ತಾರು ವರ್ಷವಾಯಿತು;
ಮುಖ ಮರೆತರೂ ನರ ಮರೆಯುವುದಿಲ್ಲ.

ಟ್ರೋಂಡುರ್ ಬಂದವನು ತೋಳು ಚಾಚಲಿಲ್ಲ.
ಮೀನಿನ ಕಾರ್ಖಾನೆಯಲ್ಲಿ ಮೊಣಕೈವರೆಗೂ ರಬ್ಬರು ತೊಟ್ಟು
ಮೂವತ್ತು ವರ್ಷ ಕಾಡ್ ಮೀನು ಸೀಳಿದವನು.
ಯಾರ ಕೈಯನ್ನೂ ಕುಲುಕದವನು.
ಓಲಾವ್ ಹಬ್ಬದ ರಾತ್ರಿ ಊರಿಗೆ ಊರೇ
ಕೈಗೆ ಕೈ ಹೆಣೆದು, ಹಲಗೆಯ ನೆಲ ನಡುಗುವಂತೆ
ಸುತ್ತು ಕುಣಿಯುವಾಗ
ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಾನೆ.
"ಕೊಬ್ಬು ಅವನಿಗೆ" ಎಂದಿತ್ತು ಊರು.
ನಾನೂ ಅಂದಿದ್ದೆ. ಒಂದಲ್ಲ, ಎರಡು ಸಲ.

ಉಣ್ಣೆಯಂಗಿಯ ತೋಳನ್ನು ಅವನು ಮಡಚಿದ್ದು
ಗಾಯದ ಪಟ್ಟಿ ಬಿಚ್ಚುವಷ್ಟು ನಿಧಾನಕ್ಕೆ.
ಕೆಂಪು ನಡುಗಡ್ಡೆಗಳು, ಅಂಚಿಗೆಲ್ಲ ಬೆಳ್ಳಿಯ ಹೊಟ್ಟು;
ನಮ್ಮ ಹದಿನೆಂಟೂ ದ್ವೀಪಗಳ ನಕ್ಷೆಯನ್ನು
ಯಾರೋ ಅವನ ತೋಳಿನ ಮೇಲೆ ಬರೆದು
ಅಳಿಸಲು ಹೋಗಿ ಕೆರೆದಂತೆ.
ಮೇಜಿನ ಕರಿಯ ರೆಕ್ಸಿನ್ ಮೇಲೆ ಉದುರಿದ್ದನ್ನು
ಅಂಗೈಯಿಂದ ಗುಡಿಸಿ ಜೇಬಿಗೆ ಹಾಕಿಕೊಂಡ.
ಜೇಬಿಗೆ!
ಎಷ್ಟು ಮನೆಗಳಲ್ಲಿ ಹೀಗೆ ತನ್ನನ್ನು ತಾನೇ
ಗುಡಿಸಿಕೊಂಡು ಎದ್ದು ಬಂದಿದ್ದಾನೋ.

"ಚರ್ಮದ ಕಾಯಿಲೆಗೆ ರಕ್ತ ಯಾಕೆ?" ಅಂದ.
"ಡಾಂಬರು ಹಚ್ಚಿದ್ದೇನೆ, ದೀಪದ ಕೆಳಗೆ ನಿಂತಿದ್ದೇನೆ,
ತಿಮಿಂಗಿಲದೆಣ್ಣೆ ಸವರಿ ಅಜ್ಜಿ ಬೈಬಲ್ ಓದಿದ್ದಾಳೆ.
ಒಳಗೆ ಯಾರೂ ಬಗ್ಗಿ ನೋಡಿರಲಿಲ್ಲ."
ಹೊಸ ಡಾಕ್ಟರು ಬರೆದಿದ್ದಾರೆ, ಅಂದೆ. ಖಾಲಿ ಹೊಟ್ಟೆ ತಾನೆ?
"ಹ್ಞೂಂ" ಅಂದ, ಕಣ್ಣು ತಪ್ಪಿಸಿ.
ಸೂಜಿಗೆ ದ್ವೀಪಗಳ ನಡುವೆ ಒಂದು ಕಿರಿದಾದ ಜಲಸಂಧಿ ಸಿಕ್ಕಿತು.

ಯಂತ್ರ ಗಿರಗಿರನೆ ಸುತ್ತಿ ನಿಂತಾಗ
ಕೆಂಪು ತಳಕ್ಕಿಳಿದಿತ್ತು; ಮೇಲೆ
ಜೇನಿನ ಬಣ್ಣದ ತಿಳಿ ಇರಬೇಕಾದ ಕಡೆ
ಹಾಲು.
ನಳಿಕೆಯನ್ನು ಕಿಟಕಿಗೆ ಹಿಡಿದೆ:
ಒಳಗೂ ಮಂಜು, ಹೊರಗೂ ಮಂಜು.
ಫೋನು ಮಾಡಿ ಕೇಳಿದರೆ ಒಪ್ಪಿಕೊಂಡ:
ರಾತ್ರಿ ತಂಗಿಯ ಮನೆ, ಒಣಮೀನು,
ಮೇಲೆ ಕಾಯಿಸಿ ಹೊಯ್ದ ಕುರಿಯ ಕೊಬ್ಬು, ಎರಡು ಸೌಟು.
"ನಾಲ್ಕು" ಅಂದಳು ಹಿಂದಿನಿಂದ ತಂಗಿ.

ಮರುವಾರ ಬಂದ, ಸತ್ಯವಾಗಿ ಉಪವಾಸ.
ಹಾಲು ತೆಳುವಾಗಿತ್ತು, ಹೋಗಿರಲಿಲ್ಲ.
ಟ್ರೈಗ್ಲಿಸರೈಡು ಏರಿತ್ತು, ಕೆಟ್ಟ ಕೊಲೆಸ್ಟರಾಲೂ ಏರಿತ್ತು,
ಕಸ ಹೊರುವ ಒಳ್ಳೆಯದು ನೆಲ ಹಿಡಿದಿತ್ತು.

ಡಾಕ್ಟರ ಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.
ಕೇಳಿಸಿತು: "ಕೊಬ್ಬು ಈ ಬೆಂಕಿ ಹೊತ್ತಿಸಿತೋ,
ಬೆಂಕಿಯೇ ಕೊಬ್ಬು ಕರಗಿಸಿ ರಕ್ತಕ್ಕೆ ಬಿಟ್ಟಿತೋ?"
ಡಾಕ್ಟರು ಹೇಳಿದ್ದು:
"ಎರಡೂ ಕೈ ಹಿಡಿದುಕೊಂಡೇ ಬರುತ್ತವೆ, ಟ್ರೋಂಡುರ್.
ಮೊದಲು ಯಾರು ಕೈ ಚಾಚಿದರು ಎಂದು
ಖಚಿತವಾಗಿ ಹೇಳುವವರಿಲ್ಲ ಇನ್ನೂ.
ಚರ್ಮದ್ದು ಚರ್ಮದಲ್ಲೇ ನಿಲ್ಲುವುದಿಲ್ಲ, ಅಷ್ಟು ಗೊತ್ತು.
ಮೊಣಕೈ ಉರಿಯುವ ಮನೆಯಲ್ಲಿ
ಗುಂಡಿಗೆಯನ್ನೂ ಕಾಯಬೇಕು."
ಮೌನ. ಆಮೇಲೆ ಅವನ ನಗು,
ನಾನೆಂದೂ ಕೇಳದ್ದು, ತುಕ್ಕು ಹಿಡಿದ ಲಂಗರು ಎತ್ತಿದ ಹಾಗೆ:
"ಹಾಗಾದರೆ ಊರು ಹೇಳಿದ್ದು ಸುಳ್ಳಲ್ಲ.
ಕೊಬ್ಬು ನನಗೆ."

ನನಗೆ ನಗು ಬರಲಿಲ್ಲ.
ಕಿವಿಯ ಹಿಂದೆ, ಕೂದಲು ಮುಚ್ಚುವ ಜಾಗದಲ್ಲಿ
ನಾಲ್ಕು ವರ್ಷದಿಂದ ಒಂದು ಬಿಳಿ ಮಚ್ಚೆ ಕೆರೆಯುತ್ತಿದ್ದೇನೆ,
ಶಾಂಪೂವಿನ ಮೇಲೆ ತಪ್ಪು ಹೊರಿಸಿ.
ಕಪ್ಪು ಅಂಗಿ ತೊಡುವುದು ಬಿಟ್ಟಿದ್ದೇನೆ,
ಯಾರಿಗೂ ಕಾರಣ ಹೇಳದೆ.

ಇವತ್ತು ಆರೂಮುಕ್ಕಾಲಿಗೇ ಬಂದೆ.
ನಿನ್ನೆ ಸಂಜೆಯಿಂದ ನೀರು ಬಿಟ್ಟು ಏನೂ ಇಲ್ಲ.
ಎಡತೋಳಿನ ಪಟ್ಟಿಯನ್ನು ಹಲ್ಲಿನಿಂದ ಬಿಗಿದು
ಬಲಗೈಯಲ್ಲಿ ಚುಚ್ಚಿಕೊಂಡೆ.
ನನ್ನದೇ ನರ ಎರಡನೆಯ ಸಲಕ್ಕೆ ಸಿಕ್ಕಿತು.
ಚೀಟಿಯಲ್ಲಿ ಹೆಸರಿನ ಜಾಗ ಖಾಲಿ.
ಯಂತ್ರ ಸುತ್ತುತ್ತಿದೆ.
ಮಂಜಿನೊಳಗೆ ಎಲ್ಲೋ ಒಂದು ದೋಣಿ ಕೂಗುತ್ತದೆ,
ತಡೆದು ಇನ್ನೊಂದು ಓಗೊಡುತ್ತದೆ.
ಮುಚ್ಚಳ ತೆರೆಯಲು ಇನ್ನೂ ಮೂರು ನಿಮಿಷ.