ಮಹಾಪ್ರಾಣ

ಬೋರ್ಡಿನ ಮೇಲೆ ನಾನು ಬರೆದದ್ದು ‘ಧನ’,
ತೇಜಾಕ್ಷನ ಪುಸ್ತಕದಲ್ಲಿ ‘ದನ’.
ನನ್ನ ‘ಭಾರ’ ಅವನಲ್ಲಿ ‘ಬಾರ’.
‘ಧಕ್ಕೆ’ ಎಂದು ಬರೆದು ಹಾನಿ ಎಂದು ಅರ್ಥ ಹೇಳಿದರೆ
ಅವನು ಬರೆದುಕೊಂಡದ್ದು
ಅಪ್ಪ ಮೀನಿಳಿಸುವ ದಕ್ಕೆ.
ಎಲ್ಲದಕ್ಕೂ ಕೆಂಪು ಸುತ್ತು.

“ಹೊಟ್ಟೆ ಸೀಳು ಮಾರಾಯ, ಹೊಟ್ಟೆ ಸೀಳು!”
ಎರಡು ವರ್ಷ ಕೂಗಿದ್ದೇನೆ.
ತುಳು ನಾಲಿಗೆ, ಬ್ಯಾರಿ ನಾಲಿಗೆ,
ಬೆಂಗ್ರೆಯ ಮಕ್ಕಳಿಗೆ ಮಹಾಪ್ರಾಣ ಒಗ್ಗುವುದಿಲ್ಲವೆಂದು
ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ನಕ್ಕಿದ್ದೇವೆ.
ನನ್ನ ಮನೆಯ ಕೊಂಕಣಿಯಲ್ಲಿ ಅದು ಉಂಟೆಂಬ
ಸಣ್ಣದೊಂದು ಜಂಬವೂ ಇತ್ತು.

ನವೆಂಬರಿನ ಒಂದು ಬುಧವಾರ
ದೇರಳಕಟ್ಟೆ ಕಡೆಯ ಇಬ್ಬರು ಹುಡುಗಿಯರು
ನನ್ನದೇ ಫೆರಿಯಲ್ಲಿ ಹೊಳೆ ದಾಟಿದರು.
ಒಬ್ಬಳ ಕಂಕುಳಲ್ಲಿ ಸುತ್ತಿದ ಚಾರ್ಟು,
ಇನ್ನೊಬ್ಬಳ ಮಡಿಲಲ್ಲಿ ಗಾಜುಗಳ ಪೆಟ್ಟಿಗೆ,
ಬಂಗುಡೆ ಬುಟ್ಟಿಯ ನೀರು ತಾಗದಂತೆ ಎತ್ತಿ ಹಿಡಿದು.

ಆರು ಮೀಟರು ಅಳೆದು ಚಾಕಿನ ಗೆರೆ.
ಗೋಡೆಯಲ್ಲಿ ಮೂರು ಹಲ್ಲಿನ ಬಾಚಣಿಗೆಗಳು;
ಹಲ್ಲು ಯಾವ ಕಡೆಗೆಂದು ಬೆರಳಲ್ಲಿ ತೋರಿಸಿದರಾಯಿತು.
ಅಕ್ಷರ ಬಾರದವರೂ ಪಾಸಾಗಬಹುದಾದ ಪರೀಕ್ಷೆ.

ಮುಶ್ರಿಫಾ ನಾಲ್ಕನೇ ಸಾಲಿಗೆ ನಿಂತಳು.
ಕ್ಲಾಸಿಗೇ ಮೊದಲಿಗಳಾದ ಜೋವಿಟಾ
ಎಡಗಣ್ಣು ಮುಚ್ಚಿದಾಗ ಕೊನೆಯವರೆಗೆ ಹೋದಳು,
ಬಲಗಣ್ಣು ಮುಚ್ಚಿದಾಗ ಅಳು.
ತೇಜಾಕ್ಷ ಗೆರೆಯ ಮೇಲೆ ನಿಂತು,
ಎಲ್ಲಕ್ಕಿಂತ ಮೇಲಿನ ಎಲ್ಲಕ್ಕಿಂತ ದೊಡ್ಡದರ ಮುಂದೆ,
“ಎಲ್ಲಿ ಟೀಚರ್?” ಎಂದ.

ನಲವತ್ತೊಂದರಲ್ಲಿ ಒಂಬತ್ತು.
ಹಾಜರಿ ಪುಸ್ತಕ ತೆಗೆದು ಮತ್ತೆ ಎಣಿಸಿದೆ.
“ಆಶ್ಚರ್ಯ ಬೇಡ ಮೇಡಂ,
ನಾವು ಹೋದಲ್ಲೆಲ್ಲ ಸಿಗ್ತಾರೆ,” ಪೆಟ್ಟಿಗೆ ಮುಚ್ಚುತ್ತ ಹುಡುಗಿ,
“ಯಾರೂ ಹೇಳುವುದಿಲ್ಲ, ಅಷ್ಟೆ.”

ಯಾಕೆ ಹೇಳಲಿಲ್ಲ ಎಂದು ನಾನು ಅವನನ್ನೇ ಕೇಳಿದೆ.
ಜೋರಾಗಿಯೇ ಕೇಳಿದೆನೇನೋ.
“ದೂರ ಅಂದ್ರೆ ಹಾಗೇ ಅಲ್ವಾ ಟೀಚರ್?
ಎಲ್ಲರಿಗೂ?”

ಅಪ್ಪನ ದೋಣಿ ಅಳಿವೆ ದಾಟುವಾಗಲೇ
ಎಂಜಿನ್ನಿನ ಕೆಮ್ಮು ಕೇಳಿ ಗುರುತಿಸುತ್ತಿದ್ದ ಹುಡುಗ.
ಎಂಥ ಜಾಣ ಎಂದು ಬೆನ್ನು ತಟ್ಟಿದ್ದೆವು.

ಆ ರಾತ್ರಿ ಅವನ ಹಳೆಯ ಪುಸ್ತಕ ಬಿಡಿಸಿದೆ.
ಪಾಠ ನೋಡಿ ಬರೆದ ಕಾಪಿಯ ಪುಟಗಳಲ್ಲಿ
(ಮೂಗಿಗೆ ಒತ್ತಿಕೊಂಡೇ ಬರೆದಿರಬೇಕು)
ಒಂದೊಂದು ಹೊಟ್ಟೆಯೂ ಸರಿಯಾಗಿ ಸೀಳಿದೆ.
ಧರ್ಮ, ಭೂಮಿ, ಢಾಳು, ಫಲ.
ಕೆಳಗೆ ನನ್ನದೇ ಸಹಿ, ತಾರೀಕು.
ನೋಡಿದವಳೂ ನಾನೇ,
ನೋಡದವಳೂ.

ಕನ್ನಡಕ ಬರಲು ಮೂರು ವಾರ.
ಹಾಕಿಕೊಂಡವನು ಬೋರ್ಡು ನೋಡಲಿಲ್ಲ,
ತಲೆಯೆತ್ತಿ ಮಾಡು ನೋಡಿದ.
“ಟೀಚರ್, ಹಂಚಿನ ಅಡಿಯಲ್ಲಿ ಹೆಸರು ಉಂಟು!”
ಇಡೀ ಕ್ಲಾಸಿನ ಕುತ್ತಿಗೆ ಮೇಲಕ್ಕೆ.
ಅದೇ ಹಂಚಿನ ಕೆಳಗೆ ಹದಿನಾಲ್ಕು ವರ್ಷ ನಿಂತ ನನ್ನದೂ.
ಹೌದು, ಉಂಟು. ಪ್ರತಿಯೊಂದರಲ್ಲೂ.

ಒಂಬತ್ತು ಕನ್ನಡಕಗಳಲ್ಲಿ ಈಗ ಉಳಿದದ್ದು ಆರು.
ಒಂದು ಫೆರಿಯಿಂದ ಬಗ್ಗಿದಾಗ ಹೊಳೆಗೆ ಹೋಯಿತು,
ಒಂದನ್ನು ಯಾರದೋ ತಮ್ಮ ಮುರಿದ.
ಮುಶ್ರಿಫಾಳದ್ದು ಬುತ್ತಿಡಬ್ಬಿಯೊಳಗೆ ಕೂತು
ದಿನವೂ ಶಾಲೆಗೆ ಬರುತ್ತದೆ, ಹೋಗುತ್ತದೆ;
ಅದನ್ನು ನಾನು ಆರರಲ್ಲೇ ಎಣಿಸಿದ್ದೇನೆ.
ತೇಜಾಕ್ಷನದ್ದಕ್ಕೆ ಒಂದು ಕಡ್ಡಿ ಇಲ್ಲ,
ಬಲೆ ಹೆಣೆಯುವ ನೀಲಿ ನೂಲಿನಲ್ಲಿ ಕಿವಿಗೆ ಕಟ್ಟಿಕೊಂಡಿದ್ದಾನೆ.

ಈಗ ಅವನಿಗೆ ಸಿಕ್ಕ ಸಿಕ್ಕ ಹೊಟ್ಟೆಯನ್ನೆಲ್ಲ ಸೀಳುವ ಹುಚ್ಚು.
ನಿನ್ನೆಯ ಪ್ರಬಂಧದ ಮೊದಲ ಸಾಲು:
‘ಭೆಳಿಗ್ಗೆ ಅಪ್ಪನ ಧೋಣಿ ಭಂತು,
ನಾನು ಧೂರದಿಂದಲೇ ನಂಬರ್ ಓದಿದೆ.’

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಸ್ವಲ್ಪ ಹೊತ್ತು ಹಿಡಿದುಕೊಂಡೆ.
ಮುಚ್ಚಿದೆ.